ನೂಲಿನ ಮೇಲೆ ಬಂದ ಸೋದರಮಾವ

ಯಾವ ತಪ್ಪಿಗೂ ಹೊಣೆಗಾರನನ್ನು ಹುಡುಕದೆ ಬಿಡಬಾರದೆಂಬುದು ಹೈದರಾಬಾದಿನ ಕಾಲೇಜಿನಿಂದ ನಾನು ಪದವಿಯೊಡನೆ ಕುಕನೂರಿಗೆ ಹೊತ್ತುತಂದ ತತ್ತ್ವ. ರಸ್ತೆಯ ಹೊಂಡಕ್ಕೂ ಅಂಚೆಯ ವಿಳಂಬಕ್ಕೂ ನಾನು ಲಿಖಿತ ಉತ್ತರ ಕೇಳುತ್ತಿದ್ದೆ. ನಿಜಾಮರ ಆಳಿಕೆಯ ಆ ಕೊನೆಯ ವರ್ಷಗಳಲ್ಲಿ ತಂಗಿ ಗಿರಿಜಾಳ ಮದುವೆ ಗೊತ್ತಾಯಿತು.

ತಾಳಿ ಕಟ್ಟುವಾಗ ಸೋದರಮಾವ ಕತ್ತಿ ಹಿಡಿದು ವಧುವಿನ ಬೆನ್ನಿಗೆ ನಿಲ್ಲುವುದು ನಮ್ಮ ಮನೆತನದ ಪದ್ಧತಿ. ಅವ್ವನಿಗೆ ಒಬ್ಬನೇ ತಮ್ಮ, ಸಿದ್ದಣ್ಣಮಾವ. ಮುಂಬಯಿಯಲ್ಲಿ ಅರಳೆಯ ವ್ಯಾಪಾರಿ. ಹುಬ್ಬಳ್ಳಿ ಮಾರ್ಗದ ರೈಲು ಹಿಡಿದು ಮುಹೂರ್ತದ ಹಿಂದಿನ ಸಂಜೆ ತಲುಪುವುದಾಗಿ ಬರೆದಿದ್ದ.

"ಹಿಂದಿನ ಸಂಜಿ ಅಂದ್ರ ಭಾಳ ತಡಾ ಆತು. ರೈಲು ಕೈಕೊಟ್ರ?" ಎಂದು ಅವ್ವ ಕಂಗಾಲಾದಳು.

ವಿಜ್ಞಾನಯುಗದಲ್ಲಿ ಇಂಥ ಭೀತಿಗೆ ಆಸ್ಪದವೇ? ಶಾಲೆಯಿಂದ ನಕಾಶೆ ತಂದೆ. ಕಂಕಣಕ್ಕೆಂದು ಅರಿಸಿನದಲ್ಲಿ ಅದ್ದಿಟ್ಟಿದ್ದ ಹಸಿನೂಲನ್ನೇ ಎಳೆದು ಮುಂಬಯಿಯ ವಿಮಾನ ನಿಲ್ದಾಣದಿಂದ ಹೈದರಾಬಾದಿನ ನಿಲ್ದಾಣದವರೆಗೆ ಬಿಗಿಹಿಡಿದೆ. ದೂರವನ್ನು ವೇಗದಿಂದ ಭಾಗಿಸಿದೆ. ಇಂದಿಗೂ ಅರಿಸಿನದ ವಾಸನೆ ಬಂದರೆ ನನಗೆ ನೆನಪಾಗುವುದು ಮದುವೆಯಲ್ಲ, ಭಾಗಾಕಾರ.

"ಮುಂಜಾನೆ ಚಹಾ ಕುಡದು ಹತ್ತಿದ್ರ, ಮಧ್ಯಾಹ್ನದ ಊಟಕ್ಕ ಹೈದರಾಬಾದು," ಎಂದು ಸಾರಿದೆ.

"ನಮ್ಮನ್ಯಾಗ ಉಣ್ಣೋದು ಯಾವಾಗ?" ಎಂದಳು ಚಿಗವ್ವ.

"ಅದು ನಮ್ಮ ರಾಜಧಾನಿ, ಚಿಗವ್ವ. ಅಲ್ಲಿಗೆ ಬಂದ್ರ ಮನಿಗೆ ಬಂದಂಗ."

ನಿಜಾಮರ ಪ್ರಜೆಗಳಾದ ನಮಗೆ ಕಾನೂನು, ಹುಕುಂ, ಪದವಿ ಎಲ್ಲವೂ ಬರುತ್ತಿದ್ದುದು ಅಲ್ಲಿಂದಲೇ. ಮಾವನೂ ಹಾಗೆಯೇ ಬಂದಾನೆಂದು, ವಿಮಾನ ಹತ್ತಲು ಅವನಿಗೆ ತಂತಿ ಹೊಡೆದೆ. ಓದಿದ ಅಳಿಯನ ಮಾತೆಂದು ಅವನು ರೈಲು ಬಿಟ್ಟು ವಿಮಾನ ಹತ್ತಿದ.

ಮುಹೂರ್ತ ಬಂತು. ಮಾವ ಬರಲಿಲ್ಲ!

ಕೊಪ್ಪಳದ ಸ್ಟೇಷನ್ನಿಗೆ ಕಳಿಸಿದ್ದ ಚಕ್ಕಡಿ ಖಾಲಿ ಮರಳಿತು. ಅವ್ವ ತಮ್ಮನ ಹಳೆಯ ರುಮಾಲನ್ನು ಕತ್ತಿಯ ಹಿಡಿಗೆ ಸುತ್ತಿ, ಅದನ್ನು ಗಿರಿಜಾಳ ಹಿಂದಿನ ಹಂದರದ ಕಂಬಕ್ಕೆ ಒರಗಿಸಿದಳು. ತಾಳಿ ಕಟ್ಟುವ ಮೊದಲು ಗಿರಿಜಾ ಒಮ್ಮೆ ತಿರುಗಿ ಅದನ್ನು ನೋಡಿದಳು.

"ಇದಕ್ಕ ಜವಾಬ್ದಾರಿ ಯಾರು?" ನಾನು ಗುಡುಗಿದೆ. "ವಿಮಾನದವರನ್ನ ಬಿಡಂಗಿಲ್ಲ, ರೈಲಿನವರನ್ನ ಬಿಡಂಗಿಲ್ಲ. ಬರದು ಕೇಳ್ತೀನಿ."

"ಬರಿಯೋದ್ಯಾಕಪಾ?" ಎಂದಳು ಚಿಗವ್ವ. "ಜವಾಬ್ದಾರಿ ಇದ್ದಂವ ಇಲ್ಲೇ ಹಂದರದಾಗ ಅದಾನ. ಬಾಯಿಲೇ ಕೇಳು."

ಮರುದಿನ ಹೆಣ್ಣನ್ನು ಗಂಡನ ಊರಾದ ಯಲಬುರ್ಗಾಕ್ಕೆ ಕಳುಹಿಸುವ ಹೊತ್ತಿಗೆ ಮಾವ ಬಂದಿಳಿದ. ಮೈತುಂಬ ಕಲ್ಲಿದ್ದಲ ಮಸಿ.

"ವಿಮಾನ ಛಲೋ ಇತ್ತು, ತಮ್ಮಾ. ನೀ ಹೇಳಿದ ಹೊತ್ತಿಗೇ ಇಳಿಸ್ತು. ಆಮ್ಯಾಲೆ ವಾಡಿ, ರಾಯಚೂರು, ಗುಂತಕಲ್ಲು, ಬಳ್ಳಾರಿ. ಎಲ್ಲಾ ಕಡೆ ಗಾಡಿ ತಪ್ಪಿತು. ಹುಬ್ಬಳ್ಳಿ ರೈಲು ಹಿಡದಿದ್ರ ಮೊನ್ನೇನ ಬರ್ತಿದ್ದೆ. ಮನಿಗೆ ಭಾಳ ಹತ್ರ ಐತಿ ಬಿಡು ನಿಮ್ಮ ರಾಜಧಾನಿ."

ಅವ್ವ ಕತ್ತಿಯನ್ನು ಅವನ ಕೈಗಿಟ್ಟಳು. ಚಕ್ಕಡಿಯ ಪಕ್ಕದಲ್ಲೇ ಗಿರಿಜಾಳ ಬೆನ್ನಿಗೆ ಮಾವ ನಿಂತ. ಅವ್ವ ಮತ್ತೊಮ್ಮೆ ಅಕ್ಕಿಕಾಳು ಹಾಕಿದಳು.

ಚಕ್ಕಡಿ ಹತ್ತಿದ ಗಿರಿಜಾ ಅಳುತ್ತಲೇ ಕೇಳಿದಳು: "ಅಣ್ಣಾ, ಯಲಬುರ್ಗಾ ನಿನ್ನ ನೂಲಿನ್ಯಾಗ ಎಷ್ಟ ದೂರ ಐತಿ?"

ಚಕ್ಕಡಿ ಮರೆಯಾದ ಮೇಲೆ ನಕಾಶೆ ಬಿಚ್ಚಿದೆ. ಮುಂಬಯಿಯಿಂದ ಹೈದರಾಬಾದಿಗೆ ಅರಿಸಿನದ ಗೆರೆ ಅತ್ಯಂತ ನೇರವಾಗಿ ಮೂಡಿತ್ತು. ಯಲಬುರ್ಗಾ ಕಾಣಲಿಲ್ಲ. ಕುಕನೂರನ್ನು ಹುಡುಕಿದೆ.

ಅಷ್ಟು ಶಾಸ್ತ್ರೋಕ್ತವಾಗಿ ನಾನು ಲೆಕ್ಕ ಹಾಕಿದ ನಕಾಶೆಯಲ್ಲಿ ನಮ್ಮೂರೇ ಇರಲಿಲ್ಲ.