ಸಂಬಳದ ಗುಮಾಸ್ತರ ಹಳೇ ಕಂಪ್ಯೂಟರ್

ಬೆಳಿಗ್ಗೆ ಛತ್ರಿ ಕಾರ್ಖಾನೆಯ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದವು. ಸಂಬಳದ ಗುಮಾಸ್ತರ ಮೇಜೊಂದನ್ನು ಬಿಟ್ಟು ಎಲ್ಲ ಮೇಜುಗಳ ಮೇಲೂ ಕೂತವು. ಒಂದು ಮಿಕ್ಕಿತು. ಅದೂ ಗೋಡೆಯ ಪಕ್ಕಕ್ಕೆ ಹೋಯಿತೇ ಹೊರತು ಗುಮಾಸ್ತರ ಕಡೆ ತಿರುಗಲಿಲ್ಲ.

ಯಾರಾದರೂ ಸೀನಿದರೂ ಯಾರಿಗೋ ಸನ್ನೆ ಎಂದುಕೊಳ್ಳುವ ಜೀವ ಗುಮಾಸ್ತರದು. ಕಚೇರಿಯಲ್ಲಿ ಅವರ ಹೆಸರೇ ‘ಪತ್ತೇದಾರ’.

“ಯಾಕಮ್ಮಾ, ನಂಗಿಲ್ವಾ?” ಎಂದು ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದ ಕಚೇರಿಯ ರಿಪೇರಿಯಾಕೆಯನ್ನು ಕೇಳಿದರು.

“ಹೊಸ ಮಿಷಿನ್ ಬಂತು ಅಂತ ಎಲ್ಲಾನೂ ಒಂದೇ ದಿನ ಬದಲಾಯಿಸ್ಬಾರ್ದು ಸಾರ್. ನಿಮ್ಮದು ಇನ್ನೂ ಒಂದು ವರ್ಷ ನಡೆಯುತ್ತೆ,” ಎಂದು ಆಕೆ ಅವರ ಯಂತ್ರದ ಧೂಳನ್ನು ತನ್ನ ಕರವಸ್ತ್ರದಿಂದಲೇ ಒರೆಸಿದಳು.

ನಡೆಯುತ್ತದಂತೆ! ಗುಂಡಿ ಒತ್ತಿದರೆ ಹಿಟ್ಟಿನ ಗಿರಣಿಯ ಹಾಗೆ ಗುಡುಗುವ ಯಂತ್ರ.

ಪಕ್ಕದ ಟೈಪಿಸ್ಟ್ ಕುರ್ಚಿ ಹತ್ತಿರಕ್ಕೆಳೆದ. “ಅರ್ಥ ಆಗ್ಲಿಲ್ವಾ ಸಾರ್? ಕೆಡವೋ ಮನೆಗೆ ಯಾರಾದ್ರೂ ಬಣ್ಣ ಹೊಡಿಸ್ತಾರಾ? ಈ ತಿಂಗಳು ಒಬ್ಬರನ್ನ ಕೆಲಸದಿಂದ ತೆಗೀತಾರಂತೆ.”

ಪತ್ತೇದಾರರು ಮನಸ್ಸಿನಲ್ಲೇ ಮನೆಖರ್ಚಿನ ಲೆಕ್ಕ ಹಾಕಿದರು. ಮಗಳ ಓದು ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಮ್ಯಾನೇಜರರ ಕೋಣೆಯಿಂದ ರಿಪೇರಿಯಾಕೆಯ ಪಿಸುಮಾತು ಕೇಳಿಸಿತು: “ಅವರ ಮಿಷಿನ್ ಮಾತ್ರ ಮುಟ್ಟೋದು ಬೇಡ ಸಾರ್.”

ಸಿಕ್ಕಿಬಿದ್ದಳು ಕಳ್ಳಿ!

ಆಕೆ ಊಟಕ್ಕೆ ಹೊರಗೆ ಹೋದದ್ದೇ ತಡ, ಪತ್ತೇದಾರರು ಮಿಕ್ಕಿದ್ದ ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಒಂದು ವೈರು ಎಳೆದರು. ಅರ್ಧ ಕಚೇರಿ ಕತ್ತಲಾಯಿತು. ಇನ್ನೊಂದು ಎಳೆದರು, ಫ್ಯಾನು ನಿಂತಿತು. ಹಳೆಯ ಪ್ಲಗ್ಗು ಹೊಸ ತೂತಿಗೆ ಹೋಗಲೊಲ್ಲದು. ಟೈಪಿಸ್ಟ್ ಮೇಜಿನಡಿ ತೂರಿ, “ಎಡಕ್ಕೆ! ಅಲ್ಲ, ನನ್ನ ಎಡಕ್ಕೆ!” ಎಂದು ಕೂಗುತ್ತ ತಲೆ ಗುದ್ದಿಸಿಕೊಂಡ. ಅಂತೂ ಪರದೆ ಬೆಳಗಿ, ಹಳೆಯದರಿಂದ ನಕಲಿಸಿಕೊಂಡ ಸಂಬಳದ ಲೆಕ್ಕ ತೆರೆದುಕೊಂಡಿತು.

“ನೀವು ಊಟಕ್ಕೇ ಏಳಲಿಲ್ಲ ಅಂತ ಬ್ರೆಡ್ ತಂದೆ ಸಾರ್,” ಎನ್ನುತ್ತ ಬಂದ ರಿಪೇರಿಯಾಕೆ ಅಲ್ಲೇ ನಿಂತುಬಿಟ್ಟಳು. “ಅಯ್ಯೋ, ಏನ್ ಮಾಡಿಬಿಟ್ರಿ!”

ಗದ್ದಲಕ್ಕೆ ಮ್ಯಾನೇಜರರೂ ಬಂದರು. ಪತ್ತೇದಾರರು ಎದೆ ಸೆಟೆಸಿದರು. “ನೋಡಿ ಸಾರ್, ಸಂಬಳದ ಲೆಕ್ಕ ಹೊಸದರಲ್ಲಿ ಹೇಗೆ ಓಡ್ತಿದೆ! ಇನ್ಮೇಲೆ ಯಾರು ಬೇಕಾದ್ರೂ ಮಾಡಬಹುದು, ಅಷ್ಟು ಸಲೀಸು!”

“ಹೌದೇನ್ರೀ?” ಮ್ಯಾನೇಜರು ಹುಬ್ಬೇರಿಸಿದರು. “ಆ ಲೆಕ್ಕ ಹಳೇ ಮಿಷಿನ್ನಲ್ಲಿ ಮಾತ್ರ ನಡೆಯೋದು, ಅದನ್ನ ಸಂಭಾಳಿಸೋಕೆ ನಿಮ್ಮೊಬ್ಬರಿಗೇ ಬರೋದು ಅಂತ ಈಕೆ ಹೇಳಿದ್ಲು. ಅದಕ್ಕೇ ನಿಮ್ಮನ್ನ ಇಟ್ಕೊಂಡು ಟೈಪಿಸ್ಟನ್ನ ಕಳಿಸೋಣ ಅಂತಿದ್ದೆ.”

ರಿಪೇರಿಯಾಕೆ ನೆಲ ನೋಡಿದಳು. ಪತ್ತೇದಾರರಿಗೆ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ.

ಮೇಜಿನಡಿಯಿಂದ ಟೈಪಿಸ್ಟ್ ಒಂದೇ ನೆಗೆತಕ್ಕೆ ಎದ್ದ. “ಆ ಲೆಕ್ಕ ನಾನೇ ನೋಡ್ಕೋತೀನಿ ಸಾರ್! ನನ್ನ ಸಂಬಳ ಇವರ ಅರ್ಧಾನೂ ಇಲ್ಲ!”

“ಹೌದಾ? ಇಬ್ಬರದನ್ನೂ ತೋರಿಸಿ ನೋಡೋಣ,” ಎಂದು ಮ್ಯಾನೇಜರು ಪತ್ತೇದಾರರ ಕಡೆ ತಿರುಗಿದರು.

ಪತ್ತೇದಾರರು ಗುಂಡಿ ಒತ್ತಿದರು. ಹಳೆಯದಾಗಿದ್ದರೆ ಗುಡುಗಿ ಗುಡುಗಿ ಸಂಜೆ ಮಾಡುತ್ತಿತ್ತು. ಹೊಸದು ಸದ್ದೇ ಇಲ್ಲದೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಇಬ್ಬರ ಸಂಬಳವನ್ನೂ ಅಕ್ಕಪಕ್ಕ ಇಟ್ಟು ತೋರಿಸಿಬಿಟ್ಟಿತು.