ಬೋಂಡನ ಗಂಟಲಿನ ಅಳತೆ

"ಅಂಬು, ಇನ್ಮೇಲೆ ನಾಯಿ ಡಾಕ್ಟರುಗಳೆಲ್ಲ ನನ್ನ ಮನೆ ಮುಂದೆ ಕ್ಯೂ ನಿಲ್ತಾರೆ, ನೋಡ್ತಿರು!"

ಹೀಗೆಂದು ನಾಗಭೂಷಣ ಹಳೆಯ ಬೆಡ್‌ಶೀಟನ್ನು ಸರ್ರನೆ ಎಳೆದು ಹೊಸ ಯಂತ್ರವನ್ನು ತೋರಿಸಿದ. ತಂಗಿ ಅಂಬುಜ ಚಪ್ಪಾಳೆ ತಟ್ಟಲಿಲ್ಲ. ಅಣ್ಣನ ಮೂವತ್ತೊಂದನೆಯ ಯಂತ್ರಕ್ಕೂ ಚಪ್ಪಾಳೆ ತಟ್ಟುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. ಅಲ್ಲದೆ ಎರಡೂ ಕೈಗಳಲ್ಲಿ ಬೋಂಡ ಇದ್ದ.

ಬೋಂಡ ಅವಳ ಪಗ್ ನಾಯಿ. ಚಪ್ಪಟೆ ಮೂತಿ, ಗುಡ್ಡೆ ಕಣ್ಣು. ಉಸಿರೆಳೆದರೆ ಪಕ್ಕದ ಮನೆಯವರು ಮಿಕ್ಸಿ ನಿಲ್ಲಿಸಿ ಕಿವಿಗೊಡುವಂಥ ಗೊರಗೊರ. ಕಳೆದ ವಾರ ಎರಡು ಸಲ ನಾಲಿಗೆ ನೀಲಿಯಾಗಿ ದೊಪ್ಪನೆ ಬಿದ್ದುಬಿಟ್ಟಿದ್ದ. ಅಂಗುಳಿನ ಹಿಂದಿನ ಮೆತ್ತನೆ ಮಾಂಸ ಬೆಳೆದು ಗಾಳಿಯ ದಾರಿಗೆ ಅಡ್ಡ ಬಂದಿರಬಹುದು, ಆಪರೇಷನ್ ಮಾಡಬೇಕು ಎಂದಿದ್ದರು ಡಾಕ್ಟರ್ ಮುಬೀನಾ. ಆದರೆ ಇಂಥ ಮೂತಿಯ ನಾಯಿಗೆ ಅರಿವಳಿಕೆ ಕೊಡುವುದೂ ಅಪಾಯವೇ. ಮಾಡಿಸಿದರೂ ಭಯ, ಬಿಟ್ಟರೂ ಭಯ. ಇವತ್ತು ಸಂಜೆ ಐದರೊಳಗೆ ಅಂಬುಜ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಯೋಚಿಸಿ ಯೋಚಿಸಿ ಅವಳು ಸೋತುಹೋಗಿದ್ದಳು.

ನಾಗಭೂಷಣ ದೊಡ್ಡಾಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. "ಕಣ್ಣಂದಾಜು ಬೇಡ ಕಣೆ, ಅಳತೆ ಬೇಕು! ಇದರ ಕಿರಣ ಎಷ್ಟು ಮೆದು ಅಂದ್ರೆ ಸೊಳ್ಳೆಗೂ ಏನೂ ಆಗಲ್ಲ. ಒಳಗೆ ಇಬ್ಬರಿದ್ದಾರೆ. ನಾನೊಬ್ಬ, ನಮ್ಮ ಸೆಕ್ಷನ್ನಿನ ಕೆಂಪರಾಜು ಒಬ್ಬ. ಇಬ್ಬರ ಅಳೆಯೋ ಬುದ್ಧೀನೂ ದನೀನೂ ಯಂತ್ರಕ್ಕೆ ಇಳಿಸಿದ್ದೀನಿ. ಇಬ್ಬರೂ ಒಪ್ಪಿದ್ರೆ ಮಾತ್ರ ರಿಪೋರ್ಟು!"

"ಮೂವತ್ತು ವರ್ಷದಲ್ಲಿ ನೀವಿಬ್ರೂ ಯಾವತ್ತು ಒಪ್ಪಿದ್ರಿ ಅಣ್ಣ?"

"ಬೋಂಡನ್ನ ಮೇಜಿನ ಮೇಲೆ ಕೂರಿಸು!"

ಟಕ್ ಎಂದಿತು ಯಂತ್ರ.

"ಅಂಗುಳಿನ ದಪ್ಪ ಒಂಬತ್ತು ಮಿಲಿಮೀಟರ್," ಎಂದಿತು ನಾಗಭೂಷಣನ ದನಿ.

"ಕಣ್ಣೇನು ಹಿತ್ತಲಲ್ಲಿ ಬಿಟ್ಟು ಬಂದಿದ್ದೀರಾ ಸಾರ್? ನಾಯಿ ಕತ್ತು ಎತ್ತಿದೆ. ಐದು!" ಎಂದಿತು ಕೆಂಪರಾಜುವಿನ ದನಿ.

ಅದೇ ಚಿತ್ರವನ್ನು ಮತ್ತೆ ಅಳೆಸಿದರು. ಈಗ ನಾಗಭೂಷಣನ ದನಿ ಹನ್ನೆರಡು ಎಂದಿತು.

"ಈಗ್ತಾನೆ ಒಂಬತ್ತು ಅಂದ್ಯಲ್ಲ ಅಣ್ಣ!"

"ನಾನಲ್ಲ ಕಣೆ, ಯಂತ್ರ!"

"ಹಾಗಾದ್ರೆ ಥೇಟ್ ನೀನೇ."

ಅಂಗುಳು ಎಲ್ಲಿ ಮುಗಿಯುತ್ತದೆ, ನಾಲಿಗೆ ಎಲ್ಲಿ ಶುರುವಾಗುತ್ತದೆ ಎಂದು ಯಂತ್ರದೊಳಗೆ ಜಗಳ ಹತ್ತಿತು. ಹದಿನೇಳನೆಯ ಅಳತೆಗೆ ಕೆಂಪರಾಜುವಿನ ದನಿ "ಕಾಫಿ ಕುಡಿದು ಬರ್ತೀನಿ" ಎಂದು ಇಪ್ಪತ್ತು ನಿಮಿಷ ನಾಪತ್ತೆಯಾಯಿತು! ಗಂಟೆ ನಾಲ್ಕೂವರೆ. ಅಂಬುಜ ಗೋಡೆಗೊರಗಿ ಕಣ್ಣು ಮುಚ್ಚಿದಳು. ನಾಗಭೂಷಣ ಮುಚ್ಚಳ ತೆಗೆದು ಹಠದ ಸ್ಕ್ರೂ ಸಡಿಲಿಸಿ, ಹೊಸದೊಂದು ಚಿತ್ರ ತೆಗೆದ.

"ನೀವು ಹೇಳಿ ಸಾರ್," ಎಂದಿತು ಕೆಂಪರಾಜುವಿನ ದನಿ, ಬೆಣ್ಣೆಯ ಹಾಗೆ.

"ಛೆ ಛೆ, ನೀವು ಹೇಳಿದ ಮೇಲೆ ಮುಗೀತು."

ಆಮೇಲೆ ಇಬ್ಬರೂ ಒಟ್ಟಿಗೆ: "ಎರಡೂವರೆ!" ಇನ್ನೊಮ್ಮೆ ಚಿತ್ರ ತೆಗೆದರೂ ಎರಡೂವರೆ. ಹತ್ತು ಸಲ ತೆಗೆದರೂ ಎರಡೂವರೆ!

"ನೂರಕ್ಕೆ ನೂರು ಒಮ್ಮತ!" ನಾಗಭೂಷಣ ಕುಣಿದಾಡಿದ. ಯಂತ್ರ ಚೀಟಿ ಹೊರಹಾಕಿತು: 'ಗಾಳಿಯ ದಾರಿ ವಿಶಾಲ. ಉಸಿರಿನ ಸದ್ದೇ ಇಲ್ಲ. ಆಪರೇಷನ್ ಬೇಡ.'

ಅಂಬುಜಳ ಕಣ್ಣು ತುಂಬಿ ಬಂತು. ಡಾಕ್ಟರಿಗೆ ಬೇಡ ಎನ್ನಲು ಫೋನ್ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಕಾಲ ಬಳಿ ಗೊರಗೊರ ಕೇಳಿಸಿತು. ಬೋಂಡ! ಯಾವಾಗ ಇಳಿದಿದ್ದನೋ ಏನೋ, ಬಾಗಿಲವರೆಗೆ ಹೋಗಿ ಬಂದ ಆಯಾಸಕ್ಕೇ ನಾಲಿಗೆ ನೀಲಿಯಾಗಿತ್ತು. ಯಂತ್ರದ ಕೆಳಗೆ ಮೇಜಿನ ಮೇಲೆ ಸುಕ್ಕುಗಟ್ಟಿದ ರೆಕ್ಸಿನ್ ಹೊದಿಕೆ ಮಾತ್ರ ಇತ್ತು.

ಅವಳಿಗೆ ಕೂಗಾಡಲೂ ತ್ರಾಣವಿರಲಿಲ್ಲ. ಬೋಂಡನನ್ನು ಎತ್ತಿಕೊಂಡು ಫೋನ್ ಮಾಡಿದಳು. "ಆಪರೇಷನ್ ಮಾಡಿಬಿಡಿ ಮೇಡಂ. ಹತ್ತು ಹೆಜ್ಜೆ ನಡೆಯೋಕೂ ಇವನಿಗೆ ಉಸಿರು ಸಾಲ್ತಿಲ್ಲ."

"ಯಾವ ಎಕ್ಸ್-ರೇ ಫಿಲ್ಮಿಗಿಂತಲೂ ನನಗೆ ಬೇಕಾಗಿದ್ದಿದ್ದು ಇದೇ ಕಣ್ರಿ. ಈಗಲೇ ಕರ್ಕೊಂಡು ಬನ್ನಿ," ಎಂದರು ಡಾಕ್ಟರ್ ಮುಬೀನಾ.

ಆಪರೇಷನ್ ಸುಸೂತ್ರವಾಗಿ ಆಯಿತು. ಹದಿನೈದು ದಿನದ ಮೇಲೆ ಬೋಂಡನನ್ನು ನೋಡಲು ಬಂದ ನಾಗಭೂಷಣ ಇನ್ನೂ ಗೊಣಗುತ್ತಲೇ ಇದ್ದ. "ಏನೇ ಹೇಳು ಅಂಬು, ನನ್ನ ಯಂತ್ರದ ರಿಪೋರ್ಟಲ್ಲಿ ಒಂದಕ್ಷರ ತಪ್ಪಿರಲಿಲ್ಲ!"

"ನಾನೆಲ್ಲಿ ತಪ್ಪು ಅಂದೆ ಅಣ್ಣ?" ಅಂಬುಜ ಆಕಳಿಸಿದಳು. "ಆ ಮೇಜಿಗೆ ಇವತ್ತಿನವರೆಗೂ ಉಸಿರಾಟದ ತೊಂದರೆ ಬಂದಿಲ್ಲವಲ್ಲ."