ಬಾಲ ಎತ್ತುವ ಎರಡು ಟ್ಯಾಂಕುಗಳ ಬಗ್ಗೆ ಡಗಲ್ ಫಿಟ್ಜ್‌ನರ್ ಅವರಿಗೆ

ಮಾನ್ಯರೇ,

ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಗ್ಯಾಂಬಿಯರ್ ಸುತ್ತಿನ ನೀರುಗುಹೆಗಳಿಗೆ ಇಳಿಯುವ ನಮ್ಮೆಲ್ಲರಿಗೂ ಟ್ಯಾಂಕುಗಳಲ್ಲಿ ಉಸಿರು ತುಂಬಿಸಿಕೊಡುವ, ಡೈವಿಂಗ್ ಸಾಮಾನಿನ ಅಂಗಡಿಯ ತಮಗೆ, ಶಾಲಾ ಬಸ್ಸಿನ ಚಾಲಕಿ ವೆರ್ನಾ ಕ್ಲಿಂಗ್ನರ್ ಇನ್ನೂ ಉಸಿರಾಡುತ್ತಿರುವ ಕಾರಣದಿಂದಲೇ ಸಾಧ್ಯವಾದ ವಂದನೆಗಳನ್ನು ಸಲ್ಲಿಸುತ್ತಾಳೆ.

ಬೆನ್ನಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬೆನ್ನ ಮೇಲೆ ಜೋಡಿ ಗಾಳಿಟ್ಯಾಂಕು ಹೊತ್ತು ನಡೆಯಕೂಡದೆಂದು ವೈದ್ಯರು ಹೇಳಿದ್ದರಿಂದ, ಒಂದೊಂದನ್ನೇ ನೀರಿಗೆ ಒಯ್ದು ಎರಡು ಪಕ್ಕೆಗಳಿಗೆ ಸಿಕ್ಕಿಸಿಕೊಳ್ಳುವ ಕ್ರಮವನ್ನು ಐವತ್ತೆಂಟನೆಯ ವಯಸ್ಸಿನಲ್ಲಿ ಕಲಿತು ತಮ್ಮ ಅಂಗಡಿಗೆ ಬಂದೆ. ಗಿಡ್ಡನೆಯ ಉಕ್ಕಿನ ಜೋಡಿಯೊಂದನ್ನು ಸವರಿ ನೋಡುತ್ತಿದ್ದ ನನ್ನನ್ನು ತಡೆದು ತಾವು, "ಅದ್ಯಾಕೆ ಮಾರಾಯ್ತಿ? ಈ ಅಲ್ಯೂಮಿನಿಯಂ ತಗೋ, ಹೂವಿನ ಥರ ಹಗುರ. ಜಗತ್ತೆಲ್ಲ ಇದನ್ನೇ ಹಾಕ್ಕೊಳ್ಳೋದು" ಅಂದಿರಿ. ಆ ಜಗತ್ತು ಬೆಚ್ಚನೆಯ ಸಮುದ್ರದಲ್ಲಿ ತೆಳುವಾದ ಉಡುಪಿನಲ್ಲಿ ಈಜುತ್ತದೆ, ನಾವು ಹದಿನೈದು ಡಿಗ್ರಿಯ ನೀರಿಗೆ ಹಾಸಿಗೆಯಷ್ಟು ದಪ್ಪನೆಯ, ತಾನಾಗಿಯೇ ತೇಲುವ ಉಡುಪು ತೊಟ್ಟು ಇಳಿಯುತ್ತೇವೆ ಎಂಬ ಸಣ್ಣ ಸಂಗತಿ ಹೇಳಿ ನನ್ನ ಉತ್ಸಾಹ ಕುಗ್ಗಿಸದ ತಮ್ಮ ಸೌಜನ್ಯ ದೊಡ್ಡದು.

ಮೆಟ್ಟಿಲಿಳಿಯುವಾಗ ಉಕ್ಕಿನಷ್ಟೇ ಭಾರವಿದ್ದು, ನೀರಿನಲ್ಲಿ ಗಾಳಿ ಮುಗಿಯುತ್ತ ಬಂದಂತೆ ಹಿಂತುದಿಯನ್ನು ಬಾಲದಂತೆ ಮೇಲೆತ್ತುವ, ಐದಡಿಯ ನನಗೆ ಕಂಕುಳಿಂದ ಮೊಣಕಾಲ ಹತ್ತಿರದವರೆಗೂ ಬರುವ ಆ ಟ್ಯಾಂಕುಗಳ ನಿಜವಾದ ಪ್ರತಿಭೆ ಪ್ರಕಟವಾದದ್ದು ಫೆಬ್ರವರಿಯಲ್ಲಿ. ನಮ್ಮ ಸಂಘದ ನಕ್ಷೆಗಾಗಿ ಗೆಳತಿ ನೈರಿ ಪಾರಾಟಾಳೊಂದಿಗೆ ಗುಹೆಯೊಂದರ ಕೊನೆಯ ಸುರಂಗವನ್ನು ಅಳೆಯಹೊರಟು, ಗಾಳಿ ಕಡಿಮೆಯಾಗಿ ಪೂರ್ತಿ ಅಳೆಯಲಾಗದೆ ಹಿಂತಿರುಗುವಾಗ, ಬಲಗಡೆಯ ಟ್ಯಾಂಕಿನ ಬಾಲ ತಗ್ಗು ಚಾವಣಿಗೆ ಬಡಿದು, ಕೆಸರು ಉದುರಿ ನೀರೆಲ್ಲ ಹಾಲಿನಂತಾಗಿ, ದಾರಿ ತೋರುವ ಹಗ್ಗ ಅದೇ ಬಾಲಕ್ಕೆ ಸುತ್ತಿಕೊಂಡಿತು. ನನಗೆ ನನ್ನ ಕೈಯೇ ಕಾಣಲಿಲ್ಲ. ಸೋಮವಾರ ಮಕ್ಕಳ ಬಸ್ಸನ್ನು ಯಾರು ಓಡಿಸುತ್ತಾರೆಂಬ ಒಂದೇ ಯೋಚನೆಯನ್ನು ಹಿಡಿದುಕೊಂಡು ಅಲ್ಲಾಡದೆ ಇದ್ದೆ. ನೈರಿ ತಡವುತ್ತ ಬಂದು, ಬಾಲ ಅದುಮಿ, ಹಗ್ಗ ಬಿಡಿಸಿದಳು.

ಮೇಲೆ ಬಂದ ಮೇಲೆ ಅವಳು, "ಏನೇ ಅದು, ಬಾಲ ಎತ್ಕೊಂಡು ಓಡೋ ಕರುವಿನ ಥರ! ಅಳತೆ ಹೋದ್ರೆ ಹೋಗ್ಲಿ, ನೀನು ಬಂದ್ಯಲ್ಲ, ಸಾಕು" ಅಂದಳು. ಒಂದೇ ಮುಚ್ಚಳದಲ್ಲಿ ಇಬ್ಬರೂ ಫ್ಲಾಸ್ಕಿನ ಚಹಾ ಖಾಲಿ ಮಾಡಿದೆವು.

ನಾನು ಅಂಗಡಿಗೆ ಬಂದು ದೂರಿದಾಗ ತಾವು, "ಬಾಲಕ್ಕೆ ಎರಡೆರಡು ಕೆಜಿ ಸೀಸ ಕಟ್ಕೋ, ಸರಿಹೋಗತ್ತೆ" ಎಂದು, ಹಗುರವೆಂದು ಕೊಂಡದ್ದಕ್ಕೆ ಭಾರ ಕಟ್ಟುವ ತತ್ತ್ವವನ್ನು ಬೋಧಿಸಿದಿರಿ. ಸೀಸ ಕಟ್ಟದೆ ನೀವೇ ಒಮ್ಮೆ ತೊಟ್ಟು ನೋಡಿ ಎಂದು ನೈರಿ ಕೆಣಕಿದ್ದಕ್ಕೆ ಭಾನುವಾರ ನಾವು ಅಭ್ಯಾಸ ಮಾಡುವ ಹೊಂಡಕ್ಕೆ ಬಂದದ್ದು ತಮ್ಮ ದೊಡ್ಡ ಗುಣ. ಅರ್ಧ ಗಾಳಿ ಮುಗಿಯುವಷ್ಟರಲ್ಲಿ ಎರಡೂ ಟ್ಯಾಂಕುಗಳು ಎದ್ದು, ತಾವು ಬಾತುಕೋಳಿಯಂತೆ ತಲೆ ಕೆಳಗೆ, ಕಾಲು ಮೇಲೆ ಮಾಡಿಕೊಂಡು ನಿಂತದ್ದನ್ನು ಸಂಘದ ಹನ್ನೆರಡು ಮಂದಿ ಸದಸ್ಯರು ದಡದ ಹಲಗೆಯ ಮೇಲಿಂದ ಕಣ್ತುಂಬಿಕೊಂಡರು. ಬಾಯಿಂದ ಕೊಳವೆ ತೆಗೆದ ತಾವು ಹೇಳಿದ ಮೊದಲ ಮಾತು, "ಇವತ್ತು ನೀರೇ ಸರಿಯಿಲ್ಲ."

ಮರುದಿನ ಆ ಗಿಡ್ಡ ಉಕ್ಕಿನ ಜೋಡಿಯನ್ನು ಬದಲಾಗಿ ಕೊಟ್ಟಿರಿ. ಅವು ಬಾಲ ಎತ್ತದೆ ಪಕ್ಕೆಗೆ ಅಂಟಿ ನಿಂತವು. ಸುರಂಗದ ಉಳಿದ ಹನ್ನೊಂದು ಮೀಟರ್ ಈಗ ನಕ್ಷೆಯಲ್ಲಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ತಮ್ಮ ಕಿಟಕಿಯಲ್ಲಿ ನನ್ನ ಹಳೆಯ ಜೋಡಿಯನ್ನೂ, "ಅನುಭವಿ ಗುಹೆ ಡೈವರ್ ಬಳಸಿ ಮೆಚ್ಚಿದ್ದು" ಎಂಬ ಚೀಟಿಯನ್ನೂ, ಅದನ್ನು ಓದುತ್ತ ನಿಂತ, ನನಗಿಂತ ಗಿಡ್ಡನೆಯ ಹೆಂಗಸೊಬ್ಬರನ್ನೂ ಕಂಡೆ. ಆದ್ದರಿಂದ ಅದನ್ನು ಮಾರುವ ಮೊದಲು ದಯಮಾಡಿ ನಮ್ಮ ಜಿಲ್ಲೆಯ ನೀರನ್ನೆಲ್ಲ ಇಪ್ಪತ್ತೆಂಟು ಡಿಗ್ರಿಗೆ ಕಾಯಿಸಿ, ಗಿರಾಕಿಯನ್ನು ಅರ್ಧ ಅಡಿ ಉದ್ದ ಮಾಡಿಕೊಡಬೇಕಾಗಿ ವಿನಂತಿ.

ಸಮತಟ್ಟಾಗಿ ತೇಲುತ್ತಿರುವ,
ತಮ್ಮ ವಿಶ್ವಾಸಿ
ವೆರ್ನಾ ಕ್ಲಿಂಗ್ನರ್

ಮರೆತ ಮಾತು: ತಮ್ಮ ಬಾಗಿಲ ಮೇಲೆ "ಸಲಹೆ ಉಚಿತ" ಎಂದು ಬರೆದಿದೆ. ಇಡೀ ಅಂಗಡಿಯಲ್ಲಿ ಸರಿಯಾದ ಬೆಲೆ ಹಾಕಿರುವುದು ಅದೊಂದಕ್ಕೇ.